ಪಾಲಿನ ಕೋಳಿ

"ಹುಶ್! ಹುಶ್! ಯಾರರ ಓಡಸ್ರೇ ಅವನ್ನ! ಮಯ್ಯತ್ ನೀರಿಗೆ ಬಾಯಿ ಹಾಕಾಕತ್ತಾವ!"

ಪರದೆಯ ಒಳಗಿನಿಂದ ಪಕ್ಕದ ಮನೆಯ ಮೆಹರಾಜಬೇಗಂ ಕೂಗಿಕೊಂಡಾಗ ಹುಸೇನಬೀ ಕಸಬರಿಗೆ ಹಿಡಿದು ಓಡಿದಳು. ಅಂಗಳದ ಮೂಲೆಯಲ್ಲಿ ಹಳೆಯ ಚಾದರಗಳನ್ನು ಅಡ್ಡ ಕಟ್ಟಿ, ಹಲಗೆಯ ಮೇಲೆ ಅವಳ ಅತ್ತೆ ಖಾಸೀಂಬಿಯ ಹೆಣ ತೊಳೆಯುತ್ತಿದ್ದರು. ಆ ನೀರನ್ನು ಯಾರೂ ತುಳಿಯಬಾರದೆಂದು ಬೆಳಗ್ಗೆಯೇ ಒಂದು ಕುಣಿ ತೋಡಿದ್ದರು. ಬಾರೆಹಣ್ಣಿನ ಗಿಡದ ಎಲೆ ಹಾಕಿ ಕಾಸಿದ ನೀರು ಮುದುಕಿಯ ಮೈಮೇಲಿಂದ ಇಳಿದು ಕುಣಿ ಸೇರುತ್ತಿದ್ದಂತೆ, ಮನೆಯ ಜೋಡಿ ಬಾತುಕೋಳಿಗಳು ಅಂಚಿಗೆ ನಿಂತು ಕೊಕ್ಕು ಮುಳುಗಿಸಿ ಸೊರಸೊರ ಹೀರುತ್ತಿದ್ದವು. ಜೇವರ್ಗಿಯ ಬೇಸಿಗೆಯಲ್ಲಿ ಅಷ್ಟು ನೀರನ್ನು ಒಟ್ಟಿಗೆ ಅವು ಕಂಡಿದ್ದೇ ಅಪರೂಪ. ಹುಸೇನಬೀ ಕಸಬರಿಗೆ ಬೀಸಿದಳು. ಒಂದು ಗಂಟಲು ಹರಿಯುವಂತೆ ಒದರುತ್ತಾ, ಇನ್ನೊಂದು ಸದ್ದಿಲ್ಲದೆ, ಎರಡೂ ತೊಗರಿಕಟ್ಟಿಗೆಯ ಬಣವೆಯ ಹಿಂದೆ ನುಗ್ಗಿದವು.

ಗೋಡೆಗೆ ಒರಗಿ ಕೂತ ಓಣಿಯ ಹೆಂಗಸರು ಅಳುತ್ತಿದ್ದರು. ಸತ್ತ ಎಮ್ಮೆಗೆ ಹಾಲು ಹೆಚ್ಚು ಅನ್ನುವ ಹಾಗೆ ಖಾಸೀಂಬಿಯ ಗುಣಗಳು ಈಗ ಒಂದೊಂದಾಗಿ ನೆನಪಾಗುತ್ತಿದ್ದವು. ಬದುಕಿದ್ದಾಗ ಅವಳು ಹತ್ತಿರ ಬಂದರೆ "ಕೋಳಿ ಹಿಕ್ಕಿ ನಾತ" ಎಂದು ಸರಿದು ಕೂರುತ್ತಿದ್ದವರೂ ಇವರೇ. ಅಳುವ ನಡುವೆ ಒಬ್ಬಳು ಮೂಗು ಒರೆಸಿಕೊಂಡು ಪಕ್ಕದವಳಿಗೆ, "ಆ ಚುಕ್ಕಿ ಹ್ಯಾಟಿ ಕೋಳಿ ನಮ್ಮನೀದ ಅನಸ್ತದ ನೋಡು, ಹೋದ ಉಗಾದಿಗೆ ಕಳದಿತ್ತು" ಅಂದಳು. ಅಂದು ಮತ್ತೆ ಅಳಲು ಹತ್ತಿದಳು. ಹೆಣ ಇನ್ನೂ ಒದ್ದೆಯಿತ್ತು.

ಆಳಂದದಿಂದ ಇಮಾಮಸಾಬ ಬಂದದ್ದು ಅದೇ ಹೊತ್ತಿಗೆ. ಖಾಸೀಂಬಿಯ ಗಂಡನ ತಮ್ಮ. ಅತ್ತಿಗೆ ಚಳಿಗಾಲವಿಡೀ ಕೆಮ್ಮಿ ಕೆಮ್ಮಿ ಬಾಗಿಹೋದಾಗ ಒಮ್ಮೆಯೂ ಇಣುಕದ ಮನುಷ್ಯ, ಈಗ ಬೆಳೆದ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಮೊದಲ ಬಸ್ಸಿಗೇ ಬಂದಿದ್ದ. ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಒಂದು ಸಲ ಅತ್ತ. ಕಣ್ಣೊರೆಸಿಕೊಂಡ ಮೇಲೆ ಅವನ ಕಣ್ಣು ಮೊದಲು ಮಾಳಿಗೆಯ ತೊಲೆಗೆ, ಆಮೇಲೆ ತಾಮ್ರದ ಹಂಡೆಗೆ, ಅಲ್ಲಿಂದ ಕೋಳಿಗೂಡಿಗೆ ಹೋಯಿತು.

"ಭಾಳ ಬೆಳಸ್ಯಾಳಲ್ಲ ಭಾಭಿ," ಅಂದ.

*

ಹುಸೇನಬೀ ಅಂದೋಲಾದಿಂದ ಸೊಸೆಯಾಗಿ ಬಂದ ಮರುದಿನವೇ ಖಾಸೀಂಬಿ ಅವಳ ಕೈಗೆ ಕೆರೆಯುವ ತಗಡು ಕೊಟ್ಟು ಗೂಡು ತೋರಿಸಿದ್ದಳು. ಹುಡುಗಿ ತಲೆ ಒಳಗೆ ಹಾಕಿದ್ದೇ ತಡ, ವಾಸನೆಗೆ ವಾಂತಿ ಮಾಡಿಕೊಂಡಳು. ಅತ್ತೆ ಬಯ್ಯುತ್ತಾಳೆಂದು ಹೆದರಿ ನಿಂತರೆ, ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಮೂಗು ಮುಚ್ಚಿ ಬಾಯಿ ತೆರದ್ರ ಹಿಂಗೇ ಆಗೂದು ಬೇಟಿ. ಬಾಯಿ ಮುಚ್ಚು, ಮೂಗು ಬಿಡು. ಎಂಟ ದಿನದಾಗ ಮೂಗಿಗೇ ಬ್ಯಾಸರ ಆಗ್ತದ."

ಹಾಗೇ ಆಯಿತು. ಖಾಸೀಂಬಿಗೆ ಓದು ಬರುತ್ತಿರಲಿಲ್ಲ, ನಮಾಜಿನ ಹೊತ್ತು ಆಗಾಗ ತಪ್ಪುತ್ತಿತ್ತು, ಬಾಯಿ ಕೆಟ್ಟದ್ದು. ಬೆಕ್ಕಿಗೂ ಮುಂಗುಸಿಗೂ ಅವಳು ಬಯ್ಯುವ ಬೈಗುಳ ಕೇಳಿದರೆ ಗಂಡಸರು ತಲೆ ತಗ್ಗಿಸಿ ಹೋಗುತ್ತಿದ್ದರು. ಆದರೆ ಓಣಿಯ ಕೋಳಿಗಳೆಲ್ಲ ತಿಪ್ಪೆಯ ಮೇಲೆ ಬೆರೆತು ಕೆದರುವಾಗ, ತನ್ನದು ಯಾವುದು ಅನ್ನುವುದನ್ನು ಅವಳು ಕಟ್ಟೆಯ ಮೇಲೆ ಕೂತೇ ಹೇಳುತ್ತಿದ್ದಳು. ಸೊಸೆಗೂ ಕಲಿಸಿದಳು. ಕಾಲಿಗೆ ಚಿಂದಿ ಕಟ್ಟುವಾಗ ಒಂದು ಬೆರಳು ತೂರುವಷ್ಟು ಸಡಿಲ ಬಿಡಬೇಕು, ಇಲ್ಲದಿದ್ದರೆ ಕಾಲು ಬೆಳೆದಂತೆ ಮಾಂಸಕ್ಕೆ ಕೊರೆಯುತ್ತದೆ. ಮರಿಯ ಜುಟ್ಟು ಬೇಗ ಕೆಂಪೇರಿದರೆ ಅದು ಹುಂಜ. ಅಫಜಲಪುರದ ಕಡೆ, ಭೀಮಾ ದಂಡೆಯ ತನ್ನ ತವರಿನಿಂದ ಬಾತುಕೋಳಿ ತಂದಾಗ ಅದನ್ನೂ ಹೇಳಿದಳು: ಬಾಲದ ಮೇಲೆ ಸುರುಳಿ ಪುಕ್ಕ ಇದ್ದದ್ದು ಗಂಡು, ಒದರುವುದು ಹೆಣ್ಣು.

ಮಗ ಲಾರಿಯ ಕ್ಲೀನರ್ ಆಗಿ ಹೋದವನು ಬಿಜಾಪುರದ ರಸ್ತೆಯಲ್ಲೇ ಸತ್ತ. ಮಕ್ಕಳಿರಲಿಲ್ಲ. ಸೊಸೆಯನ್ನು ತವರಿಗೆ ಕಳಿಸು ಎಂದು ಬುದ್ಧಿ ಹೇಳಲು ಬಂದವರಿಗೆ ಖಾಸೀಂಬಿ, "ಕಾವಿಗೆ ಕೂತ ಕೋಳೀನೇ ನಾ ಎಬ್ಬಸಂಗಿಲ್ಲ, ಇಕಿನ್ನ ಎಬ್ಬಸ್ಲ್ಯಾ?" ಅಂದಿದ್ದಳು. ಮುಂದಿನದನ್ನು ಇಲ್ಲಿ ಬರೆಯುವ ಹಾಗಿಲ್ಲ.

*

"ಈ ಮನ್ಯಾಗ ಒಲಿ ಹಚ್ಚಂಗಿಲ್ಲ, ಸರಿ," ಇಮಾಮಸಾಬ ಮೆಹರಾಜಬೇಗಂಗೆ ಹೇಳುತ್ತಿದ್ದ. ಹೆಣ ತೊಳೆದು, ಕಫನ್ ಹೊದಿಸಿ, ಒಳಗೆ ಮಲಗಿಸಿದ್ದರು. "ನಿಮ್ಮ ಮನ್ಯಾಗ ಮಾಡ್ರಿ. ಆಳಂದದಿಂದ ಮಂದಿ ಬಂದಾರ, ಖಾಲಿ ಹೊಟ್ಟೀಲೆ ಕಳಸ್ತೀರೇನು? ಕೋಳಿಗೇನ ಬರ ಇಲ್ಲಲ್ಲ ಇಲ್ಲಿ."

"ಬ್ಯಾಳಿ, ರೊಟ್ಟಿ ನಾ ಮಾಡೀನಿ ಭಾಯ್," ಅಂದಳು ಮೆಹರಾಜಬೇಗಂ. ಅವಳು ಖಾಸೀಂಬಿಯ ವಾರಿಗೆಯವಳು. "ಸತ್ತಾಕಿ ಕೋಳಿ ಸತ್ತ ದಿನಾನೇ ಕೊಯ್ತೀರಾ? ನಿಮಗ ಹೇಸಿಗಿ ಬರಂಗಿಲ್ಲಾ?"

"ಕೋಳಿನ್ನ ಕೇಳಿ ಯಾರರ ಮಸಾಲಿ ಅರೀತಾರೇನು?" ಎಂದು ಅವನು ನಕ್ಕ. ಸಾವಿನ ಮನೆಯಲ್ಲಿ ಹಾಗೆ ನಗುವುದಕ್ಕೂ ಒಂದು ಎದೆ ಬೇಕು.

ಮಕ್ಕಳಿಬ್ಬರೂ ಅಂಗಿಯ ತೋಳು ಮಡಚಿ ಅಂಗಳಕ್ಕಿಳಿದಾಗಲೇ ಹುಸೇನಬೀಗೆ ಗೊತ್ತಾಯಿತು. ಇವತ್ತು ಉಣ್ಣುವಷ್ಟು ಉಂಡು, ಉಳಿದದ್ದನ್ನು ಬುಟ್ಟಿಗೆ ತುಂಬಿ ಸಂಜೆಯ ಬಸ್ಸಿಗೆ ಹಾಕಿಕೊಂಡು ಹೋಗುತ್ತಾರೆ. ಹೊಲವಿಲ್ಲ, ಗಂಡನಿಲ್ಲ. ನಾಳೆಯಿಂದ ಅವಳ ಹೊಟ್ಟೆಗೆ ಇದ್ದದ್ದು ಆ ಗೂಡೊಂದೇ. ಬಸ್‌ಸ್ಟ್ಯಾಂಡಿನ ಎದುರಿಗೆ ಆ ವರ್ಷ ಫಾರಂ ಕೋಳಿಯ ಅಂಗಡಿ ತೆರೆದಿದ್ದರೂ, ಜೇವರ್ಗಿಯ ಮಂದಿ ಬಾಣಂತಿಗೆ, ಹರಕೆಗೆ ಊರ ಕೋಳಿಯನ್ನೇ ಹುಡುಕಿಕೊಂಡು ಬರುತ್ತಿದ್ದರು.

"ಎಲ್ಲಾ ನಮ್ಮವಲ್ಲ ಚಾಚಾ," ಅವಳು ಅಡ್ಡ ನಿಂತಳು. "ಪಾಲಿಗೆ ಸಾಕಿದ್ದವು. ಕೆಂಪ ಚಿಂದಿ ಕಟ್ಟಿದ್ದವಕ್ಕ ಬ್ಯಾರೆಯವರು ಮಾಲಕರಿದ್ದಾರ. ಹ್ಯಾಟಿ ಅವರದು, ಸಾಕೂದು ನಾವು, ಮರಿ ಅರ್ಧ ಅರ್ಧ. ಇನ್ನೂ ಪಾಲು ಹರದಿಲ್ಲ. ಹರೀದೇ ಒಂದೂ ಮುಟ್ಟಂಗಿಲ್ಲ."

ಇಮಾಮಸಾಬ ಮಕ್ಕಳಿಗೆ ತಡೆಯುವಂತೆ ಕೈ ಮಾಡಿದ. ಪಾಲಿನ ಕೋಳಿಯನ್ನು ಮಾಲಕರಿಲ್ಲದೆ ಕೊಯ್ದರೆ ಕಳವು ಮಾಡಿದಂತೆ, ಅದು ಅವನಿಗೂ ಗೊತ್ತಿತ್ತು.

"ಯಾರ ಪಾಲು? ಹೆಸರ ಹೇಳು."

ಹುಸೇನಬೀ ಹಿತ್ತಲಿನ ಗೋಡೆಯ ಕಡೆ ನೋಡಿದಳು. 

"ಹೆಸರಿಲ್ಲದ ಮಾಲಕರು," ಅಂದ ಅವನು. "ಸೊಸಿಗೇನ ಹಕ್ಕದ ಇಲ್ಲಿ? ಇದು ನಮ್ಮಣ್ಣನ ಮನಿ. ಮಾಲಕರಿದ್ರ ಬಂದ ಹೇಳ್ಲಿ. ಮಣ್ಣಿಗೆ ಹೋಗೂದ್ರೊಳಗ ಹೇಳ್ಲಿ."

"ಬರ್ತಾರ," ಅಂದಳು ಹುಸೇನಬೀ. "ಮುಖ ನೋಡಾಕ ಬಂದೇ ಬರ್ತಾರ."

*

ಹಿತ್ತಲಿನ ಗೋಡೆಯ ಆಚೆ ತೊಗರಿ ವ್ಯಾಪಾರಿ ಜಗದೇವಪ್ಪನ ಮನೆ. ಲಿಂಗಾಯತರ ಮನೆ, ಉಳ್ಳಾಗಡ್ಡಿಯನ್ನೂ ಸೋಮವಾರ ಮುಟ್ಟದ ಕಟ್ಟುನಿಟ್ಟು. ಅವನ ಹೆಂಡತಿ ಶಿವಕಾಂತಾ ಮೂರನೆಯ ಬಾಣಂತನದಲ್ಲಿ ಎದ್ದು ನಿಲ್ಲಲಾರದಷ್ಟು ಸೋತಾಗ, ಡಾಕ್ಟರು ತತ್ತಿ ತಿನ್ನಬೇಕು ಅಂದಿದ್ದರು. ಜಗದೇವಪ್ಪ ಡಾಕ್ಟರನ್ನೇ ಬದಲಿಸಿದ. ಶಿವಕಾಂತಾ ಒಂದು ಮಧ್ಯಾಹ್ನ ಹೇಗೋ ಹಿತ್ತಲಿನ ಗೋಡೆಯವರೆಗೆ ಬಂದು ಖಾಸೀಂಬಿಯನ್ನು ಕರೆದಳು. ಮೂಗು ಹಿಡಿದು, ಕಣ್ಣು ಮುಚ್ಚಿ, ಹಸಿ ತತ್ತಿ ಗಟಗಟ ಕುಡಿದಳು. ಕುಡಿದು ಅತ್ತಳು. ಖಾಸೀಂಬಿ ಅವಳ ಬಾಯಿ ಒರೆಸಿ, ವಾಸನೆ ಹೋಗಲೆಂದು ಲವಂಗ ಕೊಟ್ಟಳು. ಯಾರಿಗೂ ಹೇಳಲಿಲ್ಲ. ಬಾಯಿ ಕೆಟ್ಟವಳಾದರೂ ಬಾಯಿ ಬಡುಕಿಯಾಗಿರಲಿಲ್ಲ.

ಮೈ ಸುಧಾರಿಸಿದ ಮೇಲೆ ಶಿವಕಾಂತಾಳಿಗೆ ಇನ್ನೊಂದು ಆಸೆ ಹುಟ್ಟಿತು. ಗಂಡನ ಕೈ ತಾಕದ ಏನಾದರೂ ತನ್ನದೂ ಅಂತ ಇರಬೇಕು. ಎರಡು ಹ್ಯಾಟಿ ಕೊಡಿಸಿ ಪಾಲಿಗೆ ಬಿಟ್ಟಳು. ಗುರುತಿಗೆ ಚಿಂದಿ ಬೇಕಲ್ಲ ಎಂದಾಗ ತನ್ನದೇ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗು ಹರಿದು ಕೊಟ್ಟಳು. ವರ್ಷಗಳುದ್ದಕ್ಕೂ ಆ ಎರಡರ ಸಂತಾನ ಬೆಳೆಯಿತು, ಸಂತೆಗೆ ಹೋಯಿತು. ಶಿವಕಾಂತಾಳ ಕಿವಿಗೆ ಬೆಂಡೋಲೆ ಬಂತು. ತವರಿನವರು ಮಾಡಿಸಿದರು ಎಂದು ಮನೆಯಲ್ಲಿ ಹೇಳಿದಳು. ಅಷ್ಟೆಲ್ಲ ಆದರೂ ಅವಳು ಗೋಡೆ ದಾಟಿ ಒಂದು ಸಲವೂ ಕೋಳಿಯ ಹತ್ತಿರ ಬಂದವಳಲ್ಲ. ಹಿಕ್ಕಿ ಕಂಡರೆ ಅವಳಿಗೆ ಓಕರಿಕೆ.

ಹೋದ ವಾರ ಖಾಸೀಂಬಿ ಸೊಸೆಯ ಹೆಗಲು ಹಿಡಿದು ಆ ಗೋಡೆಯವರೆಗೆ ನಡೆದಿದ್ದಳು. ದಮ್ಮು ಎಳೆಯುತ್ತಾ ಮಾತಾಡಿದಳು.

"ನಾ ಹೋದ ದಿನ ನಮ್ಮ ಮೈದುನ ಬರ್ತಾನ ಅವ್ವಾ. ಹದ್ದಿನಂಗ ಬರ್ತಾನ. ನಾಕ ಮಂದಿ ಮುಂದ ಒಂದೇ ಮಾತು ಹೇಳ್ರಿ. ಕೋಳಿ ನನ್ನವು, ಹುಸೇನಬೀ ಸಾಕ್ತಾಳ ಅನ್ರಿ. ಸಾವಕಾರ್ರ ಮನಿ ಕೋಳಿ ಅಂದ್ರ ಯಾರೂ ಮುಟ್ಟಂಗಿಲ್ಲ. ಈ ಹುಡುಗಿ ಹೆಂಗರ ಬದುಕ್ತದ."

"ಹೇಳ್ತೇನಿ ಖಾಸೀಂಬಿ," ಶಿವಕಾಂತಾ ಅಳುತ್ತಾ ಅಂದಿದ್ದಳು. "ಲಿಂಗ ಮುಟ್ಟಿ ಹೇಳ್ತೇನಿ. ನೀ ಇಲ್ಲದಿದ್ರ ನಾ ಅವತ್ತೇ ಸಾಯ್ತಿದ್ನಿ."

ಅವಳು ಸುಳ್ಳು ಅತ್ತಿರಲಿಲ್ಲ. ಹುಸೇನಬೀ ಅದನ್ನು ಕಣ್ಣಾರೆ ನೋಡಿದ್ದಳು.

*

ಜಗದೇವಪ್ಪ ಹೆಂಡತಿಯನ್ನು ಕರೆದುಕೊಂಡು ಮುಂದಿನ ಬಾಗಿಲಿಗೇ ಬಂದ. ಬಿಳಿ ಅಂಗಿ, ಹೆಗಲ ಮೇಲೆ ಟವೆಲು. ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟರೂ ಕೂರಲಿಲ್ಲ.

"ಭಾಳ ನಿಯತ್ತಿನ ಹೆಣ್ಮಗಳು," ಅಂದ. "ಒಂದ ದಿನಾನೂ ನಮ್ಮ ಹಿತ್ತಲಕ್ಕ ಇವರ ಕೋಳಿ ಬಂದಿದ್ದಿಲ್ಲ."

ಶಿವಕಾಂತಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋಗಿ ಮುಖ ನೋಡಿ ಬಂದಳು. ಕಣ್ಣು ಕೆಂಪಾಗಿತ್ತು. ಅಂಗಳದಲ್ಲಿ ಇಮಾಮಸಾಬನ ಮಕ್ಕಳು ಹಿಡಿದ ಕೋಳಿಗಳನ್ನು ಬುಟ್ಟಿಯ ಕೆಳಗೆ ಮುಚ್ಚಿಟ್ಟಿದ್ದರು. ಹುಸೇನಬೀ ಒಂದು ಕೆಂಪು ಹ್ಯಾಟಿಯನ್ನು ಎತ್ತಿ, ಅದರ ಕಾಲು ಮುಂದೆ ಹಿಡಿದು ಅವಳೆದುರು ನಿಂತಳು. 

"ಅವ್ವಾರ, ಚಾಚಾ ಇವನ್ನ ಕೊಯ್ತೀನಿ ಅನ್ನಾಕತ್ತಾರ. ಇವು ಯಾರವು, ನೀವೇ ಒಂದ ಮಾತ ಹೇಳ್ರಿ."

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರು. ಜಗದೇವಪ್ಪ ಹೆಂಡತಿಯ ಕಡೆ ತಿರುಗಿದ. "ಏನದು? ಕೋಳಿ ಮಾತು ನಿನಗ್ಯಾಕ ಕೇಳ್ತಾರ?"

ಶಿವಕಾಂತಾ ಗಂಡನ ಮುಖ ನೋಡಿದಳು. ಆಮೇಲೆ ಹ್ಯಾಟಿಯ ಕಾಲಿನ ಚಿಂದಿ ನೋಡಿದಳು.

"ನನಗೇನ ಗೊತ್ತು ಬೇ?" ಅಂದಳು. "ನಮ್ಮ ಮನ್ಯಾಗ ಕೋಳಿ ಹೆಸರ ಸೈತ ಎತ್ತಂಗಿಲ್ಲ. ದೂರ ಹಿಡಿ ಅದನ್ನ, ಹೇಸಿಗಿ."

"ಚಿಂದಿ ನಿಮ್ಮ ಸೀರೀದಲ್ರೀ?"

"ಹಳೇ ಸೀರಿ ಕೇಳಿದವರಿಗೆಲ್ಲಾ ಕೊಡ್ತೀವಿ. ಅದನ್ನ ಕೋಳಿ ಕಾಲಿಗೆ ಕಟ್ತಾರೋ, ಕತ್ತೆ ಕೊರಳಿಗೆ ಕಟ್ತಾರೋ, ನಾವು ನೋಡಾಕ ಬರ್ತೀವೇನು?"

ಅಂದವಳೇ ಸರಸರ ಹೊರಗೆ ನಡೆದಳು. ಜಗದೇವಪ್ಪ ತಲೆಯಲ್ಲಾಡಿಸಿ, "ಪಾಪ, ಅತ್ತಿ ಹೋದ ದುಃಖದಾಗ ತಲಿ ಕೆಟ್ಟದ" ಎಂದು ಹಿಂದೆ ಹೋದ. ಮೆಹರಾಜಬೇಗಂ ಚರಂಡಿಗೆ ಕ್ಯಾಕರಿಸಿ ಉಗುಳಿದಳು. ಹುಸೇನಬೀ ಕೋಳಿ ಹಿಡಿದುಕೊಂಡು ಹಾಗೇ ನಿಂತಿದ್ದಳು. ಹೇಸಿಗೆ ಅಂದರೆ ಏನೆಂದು ತನಗೆ ಈ ಮನೆಗೆ ಬಂದ ಮರುದಿನವೇ ಗೊತ್ತಾಗಿತ್ತು ಅಂದುಕೊಂಡಿದ್ದಳು. ಅದು ಏನೂ ಅಲ್ಲ. ಆ ಬಿಳಿ ಅಂಗಿಯ ಹಿಂದೆ, ಈ ಸೆರಗಿನ ಹಿಂದೆ, ಆಳಂದದ ಈ ಮನುಷ್ಯನ ನಗುವಿನ ಹಿಂದೆ ಕೊಳೆತು ನಾರುತ್ತಿದ್ದುದನ್ನು ಯಾವ ತಗಡಿನಿಂದ ಕೆರೆಯುವುದು?

"ಆತಲ್ಲ?" ಇಮಾಮಸಾಬ ಕೈ ಚಾಚಿ ಅವಳ ಕೈಯಿಂದ ಹ್ಯಾಟಿ ಕಸಿದುಕೊಂಡ. ಕಾಲಿನ ಚಿಂದಿ ಕಿತ್ತು ಬಿಸಾಕಿದ.

*

ಮಧ್ಯಾಹ್ನದ ಜೋಹರ್ ನಮಾಜಿಗೆ ಮುಂಚೆಯೇ ಕೊಯ್ದು ಮುಗಿಸಬೇಕೆಂದು ಅವನು ಅವಸರ ಮಾಡಿದ. ಒಳಗೆ ಅತ್ತಿಗೆಯ ಹೆಣ, ಹೊರಗೆ ಬಣವೆಯ ಪಕ್ಕ ಚೂರಿ. ಕೋಳಿಗಳ ಸರದಿ ಮುಗಿದ ಮೇಲೆ ಬಾತುಕೋಳಿ ಹಿಡಿಯಲು ಹೇಳಿದ.

"ಬೆಳಿಗ್ಗೆ ಅವು ಮಯ್ಯತ್ ನೀರು ಕುಡದಾವ ಭಾಯ್," ಮೆಹರಾಜಬೇಗಂ ಕೈ ಮುಗಿದಳು. "ಅವನ್ನರ ಬಿಡ್ರಿ."

"ತೊಳದ್ರ ಹೋಗ್ತದ. ಹೆಣ್ಣು ಬಿಡ್ರೋ, ತತ್ತಿ ಇಡೂದು. ಗಂಡು ಹಿಡೀರಿ, ಆ ಒದರೂದನ್ನ."

"ಒದರೂದು ಹೆಣ್ಣು ಚಾಚಾ," ಅಂದಳು ಹುಸೇನಬೀ. "ಗಂಡಿಗೆ ದನಿ ಇಲ್ಲ."

"ಹೆಣ್ಣು ಒದರೂದು ನಿಮ್ಮ ಮನ್ಯಾಗ," ಅಂದ ಅವನು. ಮಕ್ಕಳು ನಕ್ಕರು. ಒದರುತ್ತಿದ್ದ ಬಾತುಕೋಳಿ ಚೂರಿಯ ಕೆಳಗೂ ಒದರಿ ನಿಂತಿತು.

ಗಂಡಸರು ಜನಾಜಾ ಹೊತ್ತುಕೊಂಡು ಹೋದರು. ಇಮಾಮಸಾಬ ಮುಂದಿನ ಎಡಗಡೆಯ ಹೆಗಲು ಕೊಟ್ಟಿದ್ದ, ಅವನ ತೋಳಿಗೆ ಒಂದು ಬಿಳಿ ಪುಕ್ಕ ಅಂಟಿಕೊಂಡಿತ್ತು. ಇತ್ತ ಮೆಹರಾಜಬೇಗಂ ತನ್ನ ಮನೆಯ ಬಚ್ಚಲಲ್ಲಿ ಬಾತುಕೋಳಿಯ ಹೊಟ್ಟೆ ಸೀಳಿ, ಒಳಗೆ ಕೈ ಹಾಕಿ, ಹಾಗೇ ಕೂತುಬಿಟ್ಟಳು. ಚಿಪ್ಪು ಕಟ್ಟಿದ ತತ್ತಿ ಒಂದಿತ್ತು. ಅದರ ಹಿಂದೆ ಇನ್ನೂ ಚಿಪ್ಪು ಕಟ್ಟದ ಹಳದಿ ಭಂಡಾರಗಳ ಗೊಂಚಲು, ನಾಳೆಯದು, ನಾಡಿದ್ದಿನದು, ಸಾಸಿವೆಯಷ್ಟು ಸಣ್ಣವೂ ಇದ್ದವು. ಕೈ ತೊಳೆಯದೆ ಎದ್ದು ಹೋಗಿ ಕಾರಿಕೊಂಡಳು.

ಮಣ್ಣು ಕೊಟ್ಟು ಬಂದವರು ಉಂಡರು. ಎಲುಬು ಚೀಪಿದರು, ಸಾರು ಹೀರಿದರು, ಇನ್ನೊಂದಿಷ್ಟು ಹಾಕು ಅಂದರು. ಇಮಾಮಸಾಬ ಹಲ್ಲಿನ ಸಂದಿಯಿಂದ ನಾರು ತೆಗೆಯುತ್ತಾ, "ಭಾಭಿ ಕೈಯಾಗ ಬೆಳದದ್ದು, ರುಚೀನೇ ಬ್ಯಾರೆ" ಅಂದ. ಹುಸೇನಬೀ ನೀರು ಕೂಡ ಮುಟ್ಟಲಿಲ್ಲ. ಬಿಸಿಲು ಇಳಿಯುವ ಮೊದಲೇ ಅವರು ಬುಟ್ಟಿ ತುಂಬ ಕೋಳಿ ಕಟ್ಟಿಕೊಂಡು, ಹಂಡೆಯನ್ನೂ ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಹೋದರು. ನಲವತ್ತನೆಯ ದಿನಕ್ಕೆ ಬರುತ್ತೇವೆ ಅಂದರು.

*

ಹೊತ್ತು ಮುಳುಗುವಾಗ ಹುಸೇನಬೀ ಕಟ್ಟೆಯ ಮೇಲೆ ಕೂತಿದ್ದಳು. ಗೂಡಿನ ಬಾಗಿಲು ತೆರೆದೇ ಇತ್ತು. ಮೊದಲು ಪಾಳುಗೋಡೆಯ ಕಡೆಯಿಂದ ಒಂದು ಹ್ಯಾಟಿ ಬಂತು. ಆಮೇಲೆ ಬಣವೆಯ ಅಡಿಯಿಂದ ಇನ್ನೊಂದು. ಇಮಾಮಸಾಬನ ಮಕ್ಕಳ ಕೈಗೆ ಸಿಗದೆ ಮಧ್ಯಾಹ್ನವಿಡೀ ಅಡಗಿದ್ದವು ಒಂದೊಂದಾಗಿ ಬಂದು, ಕತ್ತು ಚಾಚಿ ಒಳಗೆ ನೋಡಿ, ತಮ್ಮ ಗೂಡು ಹೌದೆಂದು ಖಾತ್ರಿ ಮಾಡಿಕೊಂಡು ಹತ್ತಿದವು. ಕೊನೆಗೆ ಗಂಡು ಬಾತುಕೋಳಿ ಬಂತು. ಅಂಗಳವೆಲ್ಲ ಸುತ್ತಿ, ಕೆಮ್ಮು ಹಿಡಿದವರಂತೆ ಗೊರಗೊರ ಅನ್ನುತ್ತಿತ್ತು. ಅವಳು ಆಗ ಅತ್ತಳು. ಬೆಳಗಿನಿಂದ ಮೊದಲ ಸಲ.

"ಹುಸೇನಬೀ..." ಹಿತ್ತಲಿನ ಗೋಡೆಯಿಂದ ದನಿ ಬಂತು. ಶಿವಕಾಂತಾ. "ಬ್ಯಾಸರ ಮಾಡ್ಕೋಬ್ಯಾಡ ಬೇ. ಅವರ ಮುಂದ ನಾ ಹೆಂಗ ಹೇಳ್ಲಿ? ಮನಿ ಹೊರಗ ಹಾಕ್ತಿದ್ರು."

ಹುಸೇನಬೀ ಎದ್ದು ಹೋಗಿ ಗೋಡೆಯ ಮುಂದೆ ನಿಂತಳು. 

"ಒಂದೆರಡರ ಉಳದಾವಲ್ಲ? ಸಪ್ಪಳ ಕೇಳ್ತು." ಶಿವಕಾಂತಾ ದನಿ ತಗ್ಗಿಸಿದಳು. "ನಾಳೆ ಮತ್ತ ಆ ಮನಶ್ಯಾ ಬಂದಾನು. ನನ್ನ ಪಾಲಿಂದು ಒಂದರ ಕೊಟ್ಬಿಡು. ಖಾಜಿ ಓಣ್ಯಾಗ ಇನ್ನೊಬ್ಬಾಕಿ ಸಾಕ್ತೇನಿ ಅಂದಾಳ. ಈಗ ಕತ್ತಲದಾಗ ಮುಟ್ಟಿಸಿ ಬಿಡ್ತೇನಿ."

ಖಾಸೀಂಬಿಯ ಗೋರಿಯ ಮಣ್ಣು ಇನ್ನೂ ಹಸಿಯಿತ್ತು. ಇಷ್ಟರಲ್ಲೇ ಇನ್ನೊಬ್ಬಾಕಿಯೂ ಗೊತ್ತಾಗಿದ್ದಳು.

"ಕೊಡ್ತೇನಿ ಅವ್ವಾರ," ಅಂದಳು ಹುಸೇನಬೀ. "ನಿಮ್ಮ ಪಾಲು ನನಗ ಹರಾಮ್. ಆದ್ರ ಹಿತ್ತಲಿಂದ ಕೊಡಂಗಿಲ್ಲ. ಮುಂದಿನ ಬಾಗಲಿಗೆ ಬಂದು ನೀವೇ ಒಯ್ರಿ."

ಬರುವುದಿಲ್ಲ ಅಂದುಕೊಂಡಿದ್ದಳು. ಬಂದಳು. ಓಣಿ ಸುತ್ತಿ, ಗೋಡೆಗೆ ಅಂಟಿಕೊಂಡು ನಡೆದು ಬಂದಳು. ಗೂಡಿನ ಮುಂದೆ ಸೆರಗು ಮೂಗಿಗೊತ್ತಿ ನಿಂತು, "ನಂದು ಯಾವ್ದು?" ಅಂದಳು.

"ಚಿಂದಿ ಕಂಡ್ರ ಹೇಳ್ತಿದ್ನಿ. ಗೂಡಿನಾಗ ಕತ್ತಲದ. ನಿಮ್ಮ ಕೋಳಿ, ನೀವೇ ಗುರುತ ಹಿಡೀರಿ."

ಶಿವಕಾಂತಾಳಿಗೆ ಗುರುತು ಎಲ್ಲಿಂದ ಬರಬೇಕು? ಬಗ್ಗಿದಳು, ಒಮ್ಮೆ ಓಕರಿಸಿದಳು, ಆದರೂ ಕೈ ಒಳಗೆ ತೂರಿಸಿದಳು. ಮೊಣಕೈವರೆಗೆ ಹಿಕ್ಕಿ ಬಳಿಯಿತು, ಬಳೆಯ ಸಂದಿಗೂ ಹೋಯಿತು. ತಡಕಾಡಿ ಎಲ್ಲಕ್ಕಿಂತ ದಪ್ಪನೆಯ ಹ್ಯಾಟಿಯೊಂದನ್ನು ಎಳೆದು, ಎದೆಗೊತ್ತಿ, ಮೇಲೆ ಸೆರಗು ಎರಡು ಸುತ್ತು ಹೊದ್ದುಕೊಂಡಳು. ಹುಸೇನಬೀಯ ಮುಖ ನೋಡದೆ ಹೊರಟಳು.

ಹುಸೇನಬೀ ಬಾಗಿಲಿಗೆ ಬಂದು ನಿಂತಳು. ಓಣಿಯ ತಿರುವಿನಲ್ಲಿ, ಕಂಬದ ದೀಪದ ಕೆಳಗೆ ಜಗದೇವಪ್ಪನ ಮನೆಯ ಕಟ್ಟೆ. ಅಲ್ಲಿ ಅವನು ಊರಿನ ಹಿರಿಯರ ನಡುವೆ ಕೂತು ಏನೋ ಹೇಳುತ್ತಿದ್ದ. ಖಾಜಿ ಓಣಿಗೆ ಬೇರೆ ದಾರಿ ಇರಲಿಲ್ಲ. ಶಿವಕಾಂತಾ ಎದೆಯ ಮೇಲಿನ ಉಬ್ಬನ್ನು ಎರಡೂ ಕೈಯಿಂದ ಅದುಮಿ, ತಲೆ ತಗ್ಗಿಸಿ, ಬಿರುಸಾಗಿ ಹೆಜ್ಜೆ ಹಾಕಿದಳು. ಕಟ್ಟೆಯ ಎದುರಿಗೆ ಬಂದಾಗ ಉಬ್ಬು ಅಲುಗಿತು. ಅವಳು ಗಟ್ಟಿಯಾಗಿ ಕೆಮ್ಮಿದಳು. ಮತ್ತೆ ಅಲುಗಿತು, ಮತ್ತೆ ಕೆಮ್ಮಿದಳು. ಮಾತು ನಿಲ್ಲಿಸಿ ಎಲ್ಲರೂ ಇತ್ತ ತಿರುಗಿದರು, ಜಗದೇವಪ್ಪ ಎದ್ದು ನಿಂತ. ಸೆರಗಿನ ಮಡಿಕೆಯ ನಡುವಿನಿಂದ ಹ್ಯಾಟಿಯ ತಲೆ ಹೊರಗೆ ಬಂತು. ಒಮ್ಮೆ ಈ ಕಣ್ಣಿನಿಂದ, ಒಮ್ಮೆ ಆ ಕಣ್ಣಿನಿಂದ ಕಟ್ಟೆಯ ಮೇಲಿದ್ದವರನ್ನೆಲ್ಲ ನೋಡಿತು. ನೋಡಿ, ಗಂಟಲು ಬಿಟ್ಟು ಕೂಗಿತು.